ನಿಂತು ಸವಿಯುವ ಊರು

ಲಿಸ್ಬನ್ನಿನಲ್ಲಿ ಊರವರ ಹಾಗೆ ಇರಬೇಕೆಂದರೆ ಮೊದಲು ನಿಲ್ಲುವುದು ಬರಬೇಕು. ದರ್ಶಿನಿಗಳ ಊರಿನಿಂದ ಹೋದ ನನಗೆ ಅದು ಸಲೀಸಾಗಿಯೇ ಬಂತು. ಅಲ್ಲಿನ ಕಾಫಿಯ ಹೆಸರು ‘ಬೀಕಾ’. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಕಪ್ಪು, ಅದರೊಳಗೆ ಕಡುಗಪ್ಪು ಡಿಕಾಕ್ಷನ್ನಿನಂಥದ್ದು, ಎರಡೇ ಗುಟುಕು. ಆ ಎರಡು ಗುಟುಕಿನ ನೆವದಲ್ಲಿ ಜನ ಕಟ್ಟೆಗೊರಗಿ ಅದೆಷ್ಟು ಹೊತ್ತು ಮಾತಾಡುತ್ತಾರೆ! ನಮ್ಮಲ್ಲಿ ಕಾಡುಹರಟೆ ಇರುವಂತೆ ಅವರದು ನಿಲುಹರಟೆ.

ಲಿಸ್ಬನ್ನಿನದೇ ಬೆಲೆಂ ಬಡಾವಣೆಯಲ್ಲಿ 1837ರಿಂದ ಮಾರುತ್ತಿರುವ ಒಂದು ತಿನಿಸಿದೆ, ಪಾಸ್ತೆಲ್. ಹೊರಗೆ ಚಿರೋಟಿಯ ಹಾಗೆ ಪದರ ಪದರ. ಕಚ್ಚಿದರೆ ಅಂಗಿಯ ತುಂಬ ಪುಡಿ. ಒಳಗೆ ಮೊಟ್ಟೆ, ಹಾಲು, ಸಕ್ಕರೆಯ ಬಿಸಿ ಹೂರಣ. ಮೇಲೆ ಹೋಳಿಗೆಗೆ ಬೀಳುವಂಥ ಕಪ್ಪು ಕಲೆ. ಅದರ ಮೇಲೆ ಚಕ್ಕೆಪುಡಿ ಉದುರಿಸಿಕೊಂಡೇ ತಿನ್ನಬೇಕು. ಚಕ್ಕೆ, ಮೆಣಸು ಎಂದು ಹಂಬಲಿಸಿ ಕಡಲು ದಾಟಿದ ವಾಸ್ಕೊ ಡ ಗಾಮ ಮಲಗಿರುವುದು ಅಲ್ಲೇ ನಾಲ್ಕು ಹೆಜ್ಜೆ ಆಚೆಯ ಜೆರೋನಿಮೋಸ್ ಮಠದಲ್ಲಿ. ಅವನ ಹಿಂದೆ ಬಂದವರ ಮೇಲೆಯೇ ಉಳ್ಳಾಲದ ಅಬ್ಬಕ್ಕ ಯುದ್ಧ ಮಾಡಿದ್ದು, ಅದನ್ನು ಮರೆಯಲಾರೆ. ಆದರೆ ನಮ್ಮ ಒಗ್ಗರಣೆಯ ಒಣಮೆಣಸಿನಕಾಯಿಯೂ ಅವರ ಹಡಗಿನಲ್ಲೇ ಬಂತಲ್ಲ! ಸಂತೆಯಲ್ಲಿ ಒಬ್ಬಾಕೆ ಬಟಾಟೆ, ಅನಾನಸು ಎಂದು ಕೂಗಿದಾಗ ಮಂಗಳೂರಿನ ಮಾರುಕಟ್ಟೆಯಲ್ಲಿ ನಿಂತಂತಾಯಿತು. ನಮ್ಮ ‘ಚಾವಿ’ ಎಂಬ ಮಾತೂ ಅವರದೇ.

ಇರುಳಾದರೆ ಅಲ್ಫಾಮ. 1755ರ ಭೂಕಂಪ ಊರನ್ನೆಲ್ಲ ಕೆಡವಿದರೂ ಈ ಇಕ್ಕಟ್ಟಿನ ಏರುಗಲ್ಲಿಗಳು ಬಹುಮಟ್ಟಿಗೆ ಉಳಿದುಕೊಂಡವು. ಕಿಟಕಿಗಳಲ್ಲಿ ಒಣಗಲು ಹಾಕಿದ ಬಟ್ಟೆ, ಮೂಲೆಯಲ್ಲಿ ಮೀನು ಸುಡುವ ಹೊಗೆ. ಫಾದೊ ಎಂಬ ಅಲ್ಲಿನ ಹಾಡು ಕೇಳಿಸುವ ಒಂದು ಪುಟ್ಟ ಊಟದ ಮನೆಯನ್ನು ಹೊಕ್ಕೆ. ಊಟ ನಡೆಯುತ್ತಿದ್ದಂತೆ ದೀಪ ಸಣ್ಣದಾಯಿತು. 12 ತಂತಿಗಳ ಗಿಟಾರು ಮಿಡಿಯಿತು. ಕಪ್ಪು ಶಾಲು ಹೊದ್ದ ಹೆಂಗಸು ಕಣ್ಣು ಮುಚ್ಚಿ ಸ್ವರ ಎತ್ತಿದಳು. ಬಡಿಸುವ ಹುಡುಗಿ ಮೀನಿನ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ತಟ್ಟೆಯ ಹಬೆ ಆರಿತು, ಯಾರಿಗೂ ಅವಸರವಿರಲಿಲ್ಲ. ಭಾಷೆ ನನಗೆ ಬಾರದು. ಆದರೂ ಕಡಲಿಗೆ ಹೋಗಿ ಮರಳದವರ ದಾರಿ ಕಾಯುವ ದನಿ ಅದು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ನೀವು ಹೋದಾಗ ಹಾಡು ಶುರುವಾಗಿಬಿಟ್ಟಿದ್ದರೆ ಒಳಗೆ ಬಿಡುವುದಿಲ್ಲ, ಮುಗಿಯುವ ತನಕ ಕಾಯಿಸುತ್ತಾರೆ. ಬೇಸರಿಸಬೇಡಿ, ಗಲ್ಲಿಯಲ್ಲೇ ನಿಂತಿರಿ. ಬಾಗಿಲಾಚೆಗೂ ಕೇಳಿಸುತ್ತದೆ.