ಬಿಸಿ ಗಾಜಿಗೆ ತಣ್ಣೀರು

ಪ್ರತಿ ವರ್ಷ ಹೊಸ ಮಕ್ಕಳು ಪ್ರಯೋಗಶಾಲೆಗೆ ಕಾಲಿಟ್ಟ ದಿನವೇ ನಾನು ಹೇಳುವ ಮಾತೊಂದಿದೆ: 'ಕಾದ ಪ್ರನಾಳವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಸ್ಟ್ಯಾಂಡಿನಲ್ಲಿಟ್ಟು ತಾನಾಗಿ ಆರಲು ಬಿಡಿ.' ಎಲ್ಲರೂ ತಲೆಯಾಡಿಸುತ್ತಾರೆ. ಆದರೂ ವರ್ಷಕ್ಕೊಬ್ಬ ಧೀರ ಹಿಡಿದೇ ಹಿಡಿಯುತ್ತಾನೆ. ಟಪ್ಪೆಂದು ಗಾಜು ಒಡೆಯುತ್ತದೆ. ಆಗ ನಾನು ಹೊರಮೈ ತಟ್ಟನೆ ಕುಗ್ಗುವುದು, ಒಳಮೈ ಇನ್ನೂ ಹಿಗ್ಗಿಯೇ ಇರುವುದು, ನಡುವೆ ಸಿಕ್ಕ ಗಾಜು ಸೀಳುವುದು, ಇದನ್ನೆಲ್ಲ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ.

ಇಪ್ಪತ್ತೆಂಟು ವರ್ಷ ಈ ಪಾಠ ಹೇಳಿದ ಮೇಷ್ಟ್ರು ನಾನು. ಅದೇ ತಪ್ಪನ್ನು ನನ್ನ ಮೆದುಳಿನ ಮೇಲೆ ಮಾಡಿಕೊಂಡೆ. ಅಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನನ್ನ ಒಂದು ಮಾತಿನಿಂದ ಇನ್ನೊಂದು ಮನೆಯಲ್ಲೂ ಅದೇ ತಪ್ಪು ನಡೆಯಿತು. ಆದ್ದರಿಂದ ಸಂಕೋಚ ಬದಿಗಿಟ್ಟು ಹೇಳುತ್ತಿದ್ದೇನೆ.

2021ರ ಮೇ ತಿಂಗಳು. ಕೊರೋನಾದ ಎರಡನೆಯ ಅಲೆಯಲ್ಲಿ ನನ್ನ ಅಣ್ಣ ತೀರಿಕೊಂಡ. ಅವನ ಮುಖವನ್ನೂ ಸರಿಯಾಗಿ ನೋಡಲಾಗಲಿಲ್ಲ. ಅಂದಿನಿಂದ ನನಗೆ ನಿದ್ದೆ ಹಾರಿಹೋಯಿತು. ಮೂರು ವಾರ ಕಳೆದ ಮೇಲೆ ವೈದ್ಯರೊಬ್ಬರು ಚೀಟಿ ಬರೆದುಕೊಟ್ಟರು: ಅಲ್ಪ್ರಜೋಲಾಮ್, 0.5 ಮಿಲಿಗ್ರಾಂ, ರಾತ್ರಿ ಒಂದು, 15 ದಿನ. ಮೊದಲ ರಾತ್ರಿಯೇ ಮಗುವಿನಂತೆ ಮಲಗಿದೆ.

ಹದಿನೈದು ದಿನ ಮುಗಿಯಿತು. ಆದರೆ ನಾನು ಮತ್ತೆ ವೈದ್ಯರ ಬಳಿ ಹೋಗಲಿಲ್ಲ; ಸೀದಾ ಔಷಧಿ ಅಂಗಡಿಗೆ ಹೋದೆ. ಊರಿನಲ್ಲಿ ಮೇಷ್ಟ್ರಿಗೆ ಇಲ್ಲವೆನ್ನುವವರುಂಟೆ? ಹಳೆಯ ಚೀಟಿಗೇ ಮಾತ್ರೆ ಸಿಕ್ಕಿತು. ಆಮೇಲೆ ಚೀಟಿಯೂ ಬೇಕಾಗಲಿಲ್ಲ. ಹೀಗೆ ಕೊಡುವಂತಿಲ್ಲ. ಈ ಜಾತಿಯ ಹಲವು ಮಾತ್ರೆಗಳು 2014ರ ಮಾರ್ಚ್‌ನಿಂದ ಎಚ್-1 ಎಂಬ ಪಟ್ಟಿಯಲ್ಲಿವೆ. ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಎಂಬುದನ್ನು ಅಂಗಡಿಯವರು ಬೇರೆಯೇ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ನನ್ನ ಮರ್ಯಾದೆಗೆಂದು ಅವರು ಆ ಪುಸ್ತಕ ತೆರೆಯಲಿಲ್ಲ. ಆ ಮರ್ಯಾದೆಯೇ ನನಗೆ ಮುಳುವಾಯಿತು. ಎರಡನೆಯ ವರ್ಷದ ಹೊತ್ತಿಗೆ ಒಂದು ಮಾತ್ರೆ ಸಾಲದೆ ಎರಡಾಯಿತು. ಮನೆಯಾಕೆಗೆ ತಿಳಿಯದು ಎಂದುಕೊಂಡು ಪಟ್ಟಿಯನ್ನು ಅಂಗಿಯ ಜೇಬಿನಲ್ಲೇ ಇಡುತ್ತಿದ್ದೆ.

2023ರ ಜೂನ್ 26. ಮಾದಕ ವಸ್ತು ವಿರೋಧಿ ದಿನ. ಶಾಲೆಯಲ್ಲಿ ಭಾಷಣ ನನ್ನದೇ. ತಂಬಾಕು, ಮದ್ಯ, ಗಾಂಜಾ ಎಲ್ಲವನ್ನೂ ಜಾಲಾಡಿದೆ. ಕೊನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ.

'ಸಾರ್, ತುಂಬ ದಿನದಿಂದ ಮಾತ್ರೆ ತಗೊಳ್ತಿರೋರು ಅದನ್ನ ಬಿಡೋದು ಹೇಗೆ?'

'ಹೇಗೆ ಅಂದ್ರೇನಯ್ಯಾ? ಮನಸ್ಸು ಗಟ್ಟಿ ಮಾಡಿ ಇವತ್ತೇ ಎಸೆದುಬಿಡಬೇಕು. ನಾಳೆ ಅನ್ನೋನು ಎಂದೂ ಬಿಡಲ್ಲ!'

ಚಪ್ಪಾಳೆ ಬಿತ್ತು. ಮನೆಗೆ ಬಂದು ಅಂಗಿ ಕಳಚುವಾಗ ಜೇಬಿನಲ್ಲಿ ಪಟ್ಟಿ ಚರಗುಟ್ಟಿತು. ನಾಚಿಕೆಯಾಯಿತು. ಹೇಳಿದಂತೆ ನಡೆಯದ ಮೇಷ್ಟ್ರು ಎಂಥ ಮೇಷ್ಟ್ರು? ಆ ರಾತ್ರಿಯೇ ಅದನ್ನು ಕಸದ ಬುಟ್ಟಿಗೆ ಎಸೆದೆ.

ಸೋಮವಾರ ರಾತ್ರಿ ಕಣ್ಣು ಮುಚ್ಚಲಿಲ್ಲ. ಮಂಗಳವಾರ ಮೈಯೆಲ್ಲ ಬೆವರು, ಎದೆ ಡವಡವ. ಬುಧವಾರ ಪ್ರಯೋಗಶಾಲೆಯಲ್ಲಿ ಸತುವಿನ ಚೂರಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಜಲಜನಕ ತೋರಿಸಬೇಕಿತ್ತು. ಪ್ರನಾಳ ಹಿಡಿದ ಕೈ ಎಷ್ಟು ನಡುಗಿತೆಂದರೆ ಅದು ಜಾರಿ ಬಿದ್ದು ಒಡೆಯಿತು. ಮಕ್ಕಳು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಬಾರಿಸಿದ ಗಂಟೆ ನೇರ ತಲೆಯೊಳಗೇ ಹೊಡೆದಂತಾಯಿತು. ರಾತ್ರಿ ಕೈಕಾಲು ತಾವಾಗಿ ಜಗ್ಗತೊಡಗಿದಾಗ ಮನೆಯಾಕೆ ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಳು.

'ಯಾವುದಾದರೂ ಮಾತ್ರೆ ತಗೊಳ್ತಿದ್ದು ನಿಲ್ಲಿಸಿದ್ರಾ?' ಎಂದು ಅಲ್ಲಿದ್ದ ವೈದ್ಯರು ಕೇಳಿದರು.

'ಇಲ್ಲ' ಎಂದೆ.

ನನ್ನಾಕೆ ಮಾತಾಡದೆ ತನ್ನ ಚೀಲದಿಂದ ಖಾಲಿ ಪಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. 'ಎರಡು ವರ್ಷದಿಂದ ಬಟ್ಟೆ ಒಗೆಯೋಳು ನಾನೇ ಅಲ್ವೇನ್ರೀ' ಎಂದಳು, ಅಷ್ಟೇ. ಆ ಪಟ್ಟಿಯೇ ನನ್ನನ್ನು ಕಾಪಾಡಿತು. ಅದನ್ನು ನೋಡಿದ ಕೂಡಲೇ ವೈದ್ಯರಿಗೆ ಎಲ್ಲ ಅರ್ಥವಾಯಿತು. ಮೂರ್ಛೆ ಬಂದು ಬೀಳದೆ ಇದ್ದದ್ದು ನಿಮ್ಮ ಅದೃಷ್ಟ, ಪ್ರಾಣಕ್ಕೇ ಕುತ್ತು ಬರಬಹುದಿತ್ತು ಎಂದರು. ನಿಲ್ಲಿಸಿದ್ದ ಮಾತ್ರೆಯನ್ನೇ ಮತ್ತೆ ಕೊಟ್ಟು, ಮಾನಸಿಕ ತಜ್ಞೆಯೊಬ್ಬರ ಬಳಿಗೆ ಕಳಿಸಿದರು.

ಆ ತಜ್ಞೆಗೆ ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು. ನಾನು ತಲೆತಗ್ಗಿಸಿ 'ನನಗೆ ಚಟ ಅಂಟಿಬಿಟ್ಟಿದೆ ಡಾಕ್ಟ್ರೇ' ಎಂದೆ. 'ಚಟ ಬೇರೆ, ಅವಲಂಬನೆ ಬೇರೆ ಮೇಷ್ಟ್ರೇ. ನಿಮ್ಮ ಮೆದುಳು ಮಾತ್ರೆಗೆ ಹೊಂದಿಕೊಂಡಿದೆ. ಅದು ಮೆದುಳಿನ ಕೆಲಸ, ನಿಮ್ಮ ನಡತೆಯ ದೋಷವಲ್ಲ' ಎಂದು ಅವರು ನಕ್ಕರು. ಆಮೇಲೆ ನಾನು ವಿದ್ಯಾರ್ಥಿಯಾದೆ.

ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ಬಸ್ಸಿಗೆ ಬ್ರೇಕು ಹೇಗೋ, ನರಕೋಶಗಳ ಓಟಕ್ಕೆ ಅದು ಹಾಗೆ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್, ಲೋರಜೆಪಾಮ್, ಡಯಾಜೆಪಾಮ್ ಮುಂತಾದ ಬೆಂಜೋಡಯಾಜೆಪಿನ್ ಮಾತ್ರೆಗಳು ಈ ಬ್ರೇಕಿನ ಬಲ ಹೆಚ್ಚಿಸುತ್ತವೆ. ಅದಕ್ಕೇ ಕಳವಳ ಇಳಿಯುತ್ತದೆ, ನಿದ್ದೆ ಬರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೀಗೆ ನಡೆದರೆ ಮೆದುಳು ಸಮತೋಲಕ್ಕಾಗಿ ತನ್ನ ಸ್ವಂತ ಬ್ರೇಕನ್ನು ಸಡಿಲಿಸಿಕೊಳ್ಳುತ್ತದೆ. ಆಗ ಮಾತ್ರೆಯನ್ನು ತಟ್ಟನೆ ಕಿತ್ತುಕೊಂಡರೆ ಘಟ್ಟದ ಇಳಿಜಾರಿನಲ್ಲಿ ಬ್ರೇಕಿಲ್ಲದ ಬಸ್ಸಿನ ಪಾಡು. ನಿದ್ದೆಗೇಡು, ನಡುಕ, ಬೆವರು, ಸದ್ದು ಬೆಳಕು ಸಹಿಸಲಾಗದಿರುವುದು, ಕೆಲವರಿಗೆ ಭ್ರಮೆ, ಮೂರ್ಛೆ. ಬ್ರೇಕು ಮತ್ತೆ ಬಿಗಿಯಾಗಲು ಮೆದುಳಿಗೆ ಕಾಲಾವಕಾಶ ಬೇಕು.

ಹತ್ತನೆಯ ತರಗತಿ ಮುಗಿಸಿ ಮುಂದೆ ವಿಜ್ಞಾನ ಓದುವ ಮಕ್ಕಳಿಗೆ ಅರ್ಧಾಯು ಎಂಬ ಪದ ಸಿಗುತ್ತದೆ. ರಕ್ತದಲ್ಲಿನ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಕಾಲವೂ ಅರ್ಧಾಯುವೇ. ಅಲ್ಪ್ರಜೋಲಾಮ್‌ಗೆ ಅದು ಸುಮಾರು 11 ಗಂಟೆ. ಭಾನುವಾರ ರಾತ್ರಿ ಹತ್ತಕ್ಕೆ ಕೊನೆಯ ಮಾತ್ರೆ ನುಂಗಿದ ನನ್ನಲ್ಲಿ ಬುಧವಾರ ಬೆಳಗಿನ ಜಾವಕ್ಕೆ ಐದು ಅರ್ಧಾಯುಗಳು ಕಳೆದಿದ್ದವು. ಅರ್ಧ, ಕಾಲು, ಅರೆಕಾಲು ಎಂದು ಲೆಕ್ಕ ಹಾಕುತ್ತ ಹೋಗಿ: ಉಳಿದದ್ದು ಮೂವತ್ತೆರಡರಲ್ಲಿ ಒಂದು ಭಾಗ. ಪ್ರನಾಳ ಅಂದೇ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಇದೇನೂ ಹೊಸ ಸಂಗತಿಯಲ್ಲ ಎಂಬುದು ಆಮೇಲೆ ಓದಿದಾಗ ತಿಳಿಯಿತು. ಈ ಗುಂಪಿನ ಮೊದಲ ಔಷಧ ಲಿಬ್ರಿಯಂ. ಅಮೆರಿಕದ ನ್ಯೂಜೆರ್ಸಿಯಲ್ಲಿ ರೋಶ್ ಕಂಪನಿಯ ಪ್ರಯೋಗಶಾಲೆಯನ್ನು 1957ರಲ್ಲಿ ಚೊಕ್ಕಟ ಮಾಡುವಾಗ ಮೂಲೆಯಲ್ಲಿ ಮರೆತುಹೋಗಿದ್ದ ಸಂಯುಕ್ತವೊಂದು ಸಿಕ್ಕಿತು. ಲಿಯೋ ಸ್ಟರ್ನ್‌ಬಾಕ್ ಅವರ ತಂಡ ಎಸೆಯದೆ ಅದನ್ನು ಪರೀಕ್ಷೆಗೆ ಕಳಿಸಿತು. 1960ರಲ್ಲಿ ಲಿಬ್ರಿಯಂ, 1963ರಲ್ಲಿ ವೇಲಿಯಂ ಮಾರುಕಟ್ಟೆಗೆ ಬಂದವು. ಲಿಬ್ರಿಯಂ ಬಂದ ಮರುವರ್ಷವೇ, 1961ರಲ್ಲಿ, ಲಿಯೋ ಹೋಲಿಸ್ಟರ್ ಮತ್ತು ಸಂಗಡಿಗರು ಎಚ್ಚರಿಕೆ ಕೊಟ್ಟಿದ್ದರು. ಅದನ್ನು ಬಹಳ ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇವಿಸಿದ್ದ 11 ಮಂದಿಗೆ ಅವರು ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಿದಾಗ 10 ಮಂದಿಗೆ ತೊಂದರೆ ಕಾಣಿಸಿತು, ಇಬ್ಬರಿಗೆ ಮೂರ್ಛೆ ಬಂತು. ಮುಂದೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಷ್ಟನ್ ಎಂಬ ವೈದ್ಯೆ ಈ ಮಾತ್ರೆ ಬಿಡಿಸಲೆಂದೇ 1982ರಿಂದ 1994ರವರೆಗೆ ಚಿಕಿತ್ಸಾಲಯ ನಡೆಸಿದರು. ನಿಧಾನವಾಗಿ, ರೋಗಿಯ ವೇಗಕ್ಕೆ ತಕ್ಕಂತೆ ಇಳಿಸಬೇಕೆಂಬುದು ಅವರ ಅನುಭವದ ಸಾರ. ಅಮೆರಿಕದ ವೈದ್ಯ ಸಂಘಗಳು 2025ರಲ್ಲಿ ಕೂಡಿ ಹೊರಡಿಸಿದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಆರಂಭದಲ್ಲಿ 2ರಿಂದ 4 ವಾರಕ್ಕೊಮ್ಮೆ ಶೇಕಡ 5ರಿಂದ 10ರಷ್ಟು ಇಳಿಸಿ, ಸಾಮಾನ್ಯವಾಗಿ 2 ವಾರಕ್ಕೆ ಶೇಕಡ 25 ಮೀರಬೇಡಿ.

ನನ್ನ ವೈದ್ಯೆ ಮೊದಲು ಕೆಲವು ವಾರ ಏನನ್ನೂ ಇಳಿಸಲಿಲ್ಲ. ಮೈ ಸುಸ್ಥಿತಿಗೆ ಬಂದ ಮೇಲೆ ಅಲ್ಪ್ರಜೋಲಾಮ್ ಬದಲು ದೇಹದಿಂದ ತಡವಾಗಿ ಇಳಿಯುವ ಡಯಾಜೆಪಾಮ್‌ಗೆ ಹಂತಹಂತವಾಗಿ ಬದಲಾಯಿಸಿದರು. ಅನಂತರ ಇಳಿಕೆ. ಎರಡು ವಾರಕ್ಕೊಮ್ಮೆ ಆಗ ಇರುವ ಪ್ರಮಾಣದ ಹತ್ತರಲ್ಲೊಂದು ಭಾಗ. ನೂರು, ತೊಂಬತ್ತು, ಎಂಬತ್ತೊಂದು, ಎಪ್ಪತ್ಮೂರು... ಗಮನಿಸಿ, ಕೆಳಗಿಳಿದಂತೆ ಮೆಟ್ಟಿಲುಗಳೂ ಚಿಕ್ಕದಾಗುತ್ತವೆ. ಅರ್ಧಕ್ಕೆ ಬರಲು ಏಳು ಮೆಟ್ಟಿಲು ಬೇಕು. ಮಾತ್ರೆಯನ್ನು ಅಷ್ಟು ಕರಾರುವಾಕ್ಕಾಗಿ ಮುರಿಯಲಾಗದು. ಸಿಗುವ ಅಳತೆಗೆ ಅವರೇ ಹೊಂದಿಸಿ ಬರೆದುಕೊಡುತ್ತಿದ್ದರು. ನಾನು ಗ್ರಾಫ್ ಹಾಳೆಯ ಮೇಲೆ ಚುಕ್ಕೆಯಿಡುತ್ತಿದ್ದೆ. ಮಾತ್ರೆಯ ಪಟ್ಟಿ ಈಗ ಮನೆಯಾಕೆಯ ಬಳಿ, ಎಲ್ಲರಿಗೂ ಕಾಣುವಂತೆ, ದೇವರ ಗೂಡಿನ ಪಕ್ಕದಲ್ಲಿತ್ತು.

ಇಳಿಕೆಯೆಲ್ಲ ಸಲೀಸಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಪ್ರತಿ ಮೆಟ್ಟಿಲಿನಲ್ಲೂ ಮೂರು ನಾಲ್ಕು ರಾತ್ರಿ ಹೊರಳಾಟ. 2024ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೆಲಸದ ಒತ್ತಡಕ್ಕೆ ಎದೆ ಮತ್ತೆ ಡವಗುಟ್ಟಿತು. ಸೋತೆನೇನೋ ಎಂದು ಓಡಿಹೋದೆ. 'ಅದೇ ಮೆಟ್ಟಿಲಲ್ಲಿ ಒಂದು ತಿಂಗಳು ಕೂತುಕೊಳ್ಳಿ ಮೇಷ್ಟ್ರೇ. ಹತ್ತುವುದೂ ಬೇಡ, ಇಳಿಯುವುದೂ ಬೇಡ' ಎಂದರು. ಕೂತೆ. ಹನ್ನೊಂದು ತಿಂಗಳಿಗೆ ಕೊನೆಯ ಚುಕ್ಕೆ ಸೊನ್ನೆ ಮುಟ್ಟಿತು. ಅಣ್ಣನ ನೆನಪಿನಿಂದ ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಎದ್ದು ಜಗಲಿಯ ಮೇಲೆ ಕೂರುತ್ತೇನೆ. ಬಹುಶಃ 2021ರಲ್ಲೇ ಹಾಗೆ ಕೂತು ಅಳಬೇಕಿತ್ತು.

ಈಗ ಆ ಹುಡುಗನ ವಿಷಯ. ಆಸ್ಪತ್ರೆಯಿಂದ ಬಂದು ಶಾಲೆಗೆ ಮರಳಿದ ದಿನ ಅವನನ್ನು ಹುಡುಕಿ ಪಕ್ಕಕ್ಕೆ ಕರೆದೆ. 'ಅವತ್ತು ಆ ಪ್ರಶ್ನೆ ಯಾಕೆ ಕೇಳ್ದೆ?'

ಸ್ವಲ್ಪ ಹೊತ್ತು ಕಾಲ್ಬೆರಳು ನೋಡುತ್ತ ನಿಂತ. 'ಅಮ್ಮ ದಿನಾ ರಾತ್ರಿ ನಿದ್ದೆ ಮಾತ್ರೆ ತಗೋತಾರೆ ಸಾರ್. ನೀವು ಹೇಳಿದ್ರಲ್ಲ, ಅವತ್ತೇ ಮನೇಲಿದ್ದದ್ದನ್ನೆಲ್ಲ ಚರಂಡಿಗೆ ಎಸೆದೆ.'

'ಆಮೇಲೆ?'

'ಅಮ್ಮಂಗೆ ಎರಡು ದಿನ ನಿದ್ದೆಯೇ ಬರಲಿಲ್ಲ. ಕೈ ನಡುಗ್ತಿತ್ತು. ಅಪ್ಪ ಬೇರೆ ತಂದುಕೊಟ್ರು. ನಂಗೆ ಹೊಡೆದ್ರು.'

ನನ್ನ ಕೈ ಮತ್ತೊಮ್ಮೆ ನಡುಗಿತು. ಈ ಸಲ ಮಾತ್ರೆ ಬಿಟ್ಟದ್ದಕ್ಕಲ್ಲ. ಮೇಷ್ಟ್ರ ಮಾತನ್ನು ಅಕ್ಷರಶಃ ನಂಬಿದ ಮಗು ಅದು. ಆ ಮನೆಯಲ್ಲಿ ಆ ಎರಡು ದಿನ ಏನು ಬೇಕಾದರೂ ಆಗಬಹುದಿತ್ತು. ಸಂಜೆ ಅವರ ಮನೆಗೆ ಹೋಗಿ ತಂದೆತಾಯಿಯರ ಮುಂದೆ ನಡೆದದ್ದೆಲ್ಲ ಹೇಳಿ, 'ತಪ್ಪು ಹುಡುಗನದಲ್ಲ, ನನ್ನದು' ಎಂದೆ. ನನ್ನ ವೈದ್ಯೆಯ ವಿಳಾಸ ಕೊಟ್ಟೆ.

ಆದ್ದರಿಂದ ಮಕ್ಕಳೇ, ಮನೆಯಲ್ಲಿ ಅಜ್ಜನೋ ಅಮ್ಮನೋ ಇಂಥ ಮಾತ್ರೆ ಸೇವಿಸುತ್ತಿದ್ದರೆ ಅದನ್ನು ಬಚ್ಚಿಡಬೇಡಿ, ಎಸೆಯಬೇಡಿ, ಹಂಗಿಸಬೇಡಿ. ಹೆತ್ತವರೇ, ಪರೀಕ್ಷೆಯ ಭಯಕ್ಕೆಂದು ನಿಮ್ಮ ಪಟ್ಟಿಯಿಂದ ಮಕ್ಕಳಿಗೆ ಅರ್ಧ ಮುರಿದು ಕೊಡಬೇಡಿ. ಹಳೆಯ ಚೀಟಿ ಹಿಡಿದು ಅಂಗಡಿಗೆ ಹೋಗುವುದನ್ನು ನಿಲ್ಲಿಸಿ, ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ. ಎಷ್ಟು, ಎಷ್ಟು ದಿನಕ್ಕೆ ಇಳಿಸಬೇಕೆಂಬ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು; ನನ್ನ ಲೆಕ್ಕ ನಿಮ್ಮದಲ್ಲ. ವೈದ್ಯರು ಹತ್ತಿರದಲ್ಲಿಲ್ಲವೆಂದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಮೂರ್ಛೆ, ಭ್ರಮೆ ಕಾಣಿಸಿದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ.

2024ರ ಜೂನ್ 26ರಂದು ಮತ್ತೆ ನನ್ನದೇ ಭಾಷಣವಿತ್ತು. ಹಿಂದಿನ ವರ್ಷ ಒಬ್ಬ ವಿದ್ಯಾರ್ಥಿ ಒಳ್ಳೆಯ ಪ್ರಶ್ನೆ ಕೇಳಿದ್ದ, ಮೇಷ್ಟ್ರು ತಪ್ಪು ಉತ್ತರ ಕೊಟ್ಟಿದ್ದರು ಎಂದು ಆರಂಭಿಸಿದೆ. ಈ ಸಲ ಚಪ್ಪಾಳೆ ಅಷ್ಟಾಗಿ ಬೀಳಲಿಲ್ಲ. ಹತ್ತನೆಯ ತರಗತಿಯ ಸಾಲಿನಲ್ಲಿ ಕೂತಿದ್ದ ಆ ಹುಡುಗ ಮಾತ್ರ ಒಮ್ಮೆ ತಲೆಯೆತ್ತಿ ನೋಡಿ ನಕ್ಕ. ಹೊರಗೆ ಹೋಗುವಾಗ ಹತ್ತಿರ ಬಂದು, 'ಅಮ್ಮ ಅರ್ಧಕ್ಕೆ ಬಂದಿದಾರೆ ಸಾರ್. ಅಪ್ಪ ಅವಸರ ಮಾಡಬೇಡ ಅಂತಾರೆ' ಎಂದ.