ಹಸಿರಿನ ಲೆಕ್ಕ, ಹುಲ್ಲಿನ ಲೆಕ್ಕ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಖರೀದಿದಾರ ಬರೀ ತೂಕ ನೋಡಿ ದರ ಹೇಳುವುದಿಲ್ಲ. ಒಂದು ಹಿಡಿ ಕಾಯಿ ಕೈಗೆತ್ತಿಕೊಂಡು ಬಣ್ಣ ನೋಡುತ್ತಾನೆ, ಸಿಪ್ಪೆಯ ಸುಕ್ಕು ನೋಡುತ್ತಾನೆ, ತೇವ ಇದೆಯೇ ಎಂದು ಹಿಸುಕುತ್ತಾನೆ, ಕಡ್ಡಿಯೋ ಡಬ್ಬಿಯೋ ಎಂದು ತೀರ್ಮಾನಿಸುತ್ತಾನೆ. ಎರಡು ಚೀಲಗಳ ತೂಕ ಸಮವಾಗಿದ್ದರೂ ಬೆಲೆ ಸಮವಾಗಿರಬೇಕೆಂದಿಲ್ಲ. ಪೇಟೆಯ ಈ ವಿವೇಕ ಕಾಡನ್ನು ಅಳೆಯುವಾಗ ಮಾತ್ರ ಮರೆತುಹೋಗುತ್ತದೆ.

ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 1987ರಿಂದ ದೇಶದ ಕಾಡಿನ ವರದಿ ಪ್ರಕಟಿಸುತ್ತ ಬಂದಿದೆ. ಆಧಾರ ಉಪಗ್ರಹದ ಚಿತ್ರ. ಎಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಎರಚುತ್ತದೆ. ಎರಡರ ನಡುವಣ ಅಂತರದಿಂದ ನೆಲ ಎಷ್ಟು ಹಸಿರಾಗಿದೆ ಎಂದು ತಿಳಿಯುತ್ತದೆ. ಒಂದು ಹೆಕ್ಟೇರು ಅಥವಾ ಹೆಚ್ಚಿನ ಜಾಗದಲ್ಲಿ ಶೇಕಡಾ 10ರಷ್ಟು ಮರದ ನೆರಳಿದ್ದರೆ ಅದು ‘ಅರಣ್ಯ ಹೊದಿಕೆ’. ಮರ ಯಾವ ಜಾತಿಯದು, ಜಮೀನು ಯಾರದು ಎಂಬ ಪ್ರಶ್ನೆ ಇಲ್ಲ. ನೆರಳು ಶೇಕಡಾ 10ಕ್ಕಿಂತ ಕಡಿಮೆಯಾದ ಅರಣ್ಯ ಭೂಮಿ ‘ಕುರುಚಲು’ ಎನಿಸಿಕೊಳ್ಳುತ್ತದೆ. ಕುರುಚಲು ಎಂದರೆ ಕೆಟ್ಟ ಕಾಡು ಎಂಬ ಭಾವನೆ ಎಷ್ಟೋ ಜನರಲ್ಲಿ ಬೇರೂರಿದೆ.

ಈ ಅಳತೆಗೋಲು ಎಡವುವುದು ರಾಣೆಬೆನ್ನೂರಿನಲ್ಲಿ. ಇಲ್ಲಿನ 119 ಚದರ ಕಿಲೋಮೀಟರ್ ಪ್ರದೇಶವನ್ನು 1974ರಲ್ಲಿ ಕೃಷ್ಣಮೃಗಧಾಮವೆಂದು ಘೋಷಿಸಲಾಯಿತು. ಮಳೆ ಕಡಿಮೆಯಿರುವ ಈ ಸೀಮೆಯ ಸಹಜ ರೂಪ ಹುಲ್ಲು ಮತ್ತು ಮುಳ್ಳಿನ ಗಿಡ, ನಡುವೆ ಕಣ್ಣು ಹಾಯುವಷ್ಟು ಬಯಲು. ಚಿಗರಿ, ಅಂದರೆ ಕೃಷ್ಣಮೃಗ, ದೂರದಿಂದಲೇ ತೋಳವನ್ನು ಕಂಡು ಓಟದಿಂದ ಜೀವ ಉಳಿಸಿಕೊಳ್ಳುವ ಪ್ರಾಣಿ. ಎರೆಭೂತ ಎಂಬ ಭಾರಿ ಹಕ್ಕಿಯದೂ ಅದೇ ಸ್ವಭಾವ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಅದಕ್ಕೆ ಸುತ್ತಲೂ ಬಯಲು ಬೇಕು.

ಇಂಥ ನೆಲದಲ್ಲಿ ನೀಲಗಿರಿ ನೆಡಲಾಯಿತು. ಸಸಿಗಳು ಚಿಕ್ಕವಿದ್ದಾಗ ಸಾಲುಗಳ ನಡುವೆ ಹುಲ್ಲು ಬೆಳೆಯಿತು, ಪ್ರಾಣಿಗಳಿಗೂ ಅನುಕೂಲವಾಯಿತು. ಮರಗಳು ಎತ್ತರವಾದಂತೆ ನೋಟ ಮುಚ್ಚಿತು, ಹುಲ್ಲು ಸೊರಗಿತು. ಹುಲ್ಲು ಸೊರಗಿದರೆ ಚಿಗರಿ ಅಕ್ಕಪಕ್ಕದ ಹೊಲಕ್ಕೆ ನುಗ್ಗುತ್ತದೆ; ಮೊಳೆತ ಬೆಳೆ ಕಳೆದುಕೊಳ್ಳುವವನು ರೈತ. ಎರೆಭೂತ ಇಲ್ಲಿಂದ ಕಾಣೆಯಾಗಿ ಎಷ್ಟೋ ವರ್ಷಗಳಾದವು. ಇಡೀ ದೇಶದಲ್ಲೇ ಅವು ಈಗ 150ರ ಆಸುಪಾಸಿಗೆ ಇಳಿದಿವೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ಮಾತ್ರ ಹಸಿರು ಹೆಚ್ಚಿದೆ! ನೆಲದ ಮೇಲೆ ನಷ್ಟವಾದದ್ದು ಕಾಗದದ ಮೇಲೆ ಲಾಭವಾಗಿ ಕೂತಿದೆ.

ಈ ಲೆಕ್ಕದ ತಪ್ಪನ್ನು ಇದೇ ಸೀಮೆಯ ಹಳ್ಳಿಗರು ಹಿಂದೆಯೇ ಗುರುತಿಸಿದ್ದರು. ಗೋಮಾಳ, ಕುರುಚಲು ಭೂಮಿಯನ್ನು ‘ಪಾಳು’ ಎಂದು ಕರೆದು, ಕಾರ್ಖಾನೆಯ ತಿರುಳಿಗಾಗಿ ನೀಲಗಿರಿ ಬೆಳೆಸುವ ಯೋಜನೆ 1980ರ ದಶಕದಲ್ಲಿ ಬಂತು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿ ಕಿತ್ತು, ಮೇವು-ಉರುವಲು ಕೊಡುವ ಗಿಡ ಹಚ್ಚಿದರು. ಸಮಾಜ ಪರಿವರ್ತನ ಸಮುದಾಯದ ಎಸ್.ಆರ್. ಹಿರೇಮಠರು ಈ ಹೋರಾಟದ ಮುಂಚೂಣಿಯಲ್ಲಿದ್ದರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. ಸರ್ಕಾರಕ್ಕೆ ಪಾಳಾಗಿ ಕಂಡದ್ದು ದನ-ಕುರಿ ಸಾಕುವವರಿಗೆ ಮೇವಿನ ಕಣಜವಾಗಿತ್ತು. ಅವರ ಅಳತೆಗೋಲು ಎಷ್ಟು ನೆರಳಿದೆ ಎಂದು ಕೇಳಲಿಲ್ಲ. ಎಷ್ಟು ಹೊಟ್ಟೆ ತುಂಬುತ್ತದೆ ಎಂದು ಕೇಳಿತು. 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹಾಗಾದರೆ ಉಪಗ್ರಹ ಬೇಡವೇ? ಖಂಡಿತ ಬೇಕು. ದಟ್ಟ ಕಾಡಿನಲ್ಲಿ ಮರ ಕಡಿದ ಜಾಗವನ್ನು ಅಷ್ಟು ಬೇಗ ತೋರಿಸುವ ಸಾಧನ ಬೇರೊಂದಿಲ್ಲ. ಆದರೆ ಮರದ ಕೆಳಗೆ ಏನಿದೆ ಎಂಬುದನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಮೀಟರ್ ಅಗಲದ ಚೌಕ ಹಾಕಿ ಅದರೊಳಗಿನ ಹುಲ್ಲಿನ ಜಾತಿ ಎಣಿಸಬೇಕು. ಕೊಡಲಿ ಬಿದ್ದ ಬೊಡ್ಡೆ, ತಾನಾಗಿ ಮೊಳೆತ ಸಸಿ, ಪ್ರಾಣಿಗಳ ಹಿಕ್ಕೆ, ಹಕ್ಕಿಗಳ ಸಂಖ್ಯೆ ಬರೆದಿಡಬೇಕು. ಅದೇ ಜಾಗಕ್ಕೆ ವರ್ಷ ವರ್ಷವೂ ಮರಳಬೇಕು. ಎಲ್ಲಕ್ಕಿಂತ ಮೊದಲು ಆ ನೆಲದ ಸಹಜ ರೂಪ ಯಾವುದು ಎಂದು ನಿರ್ಧರಿಸಬೇಕು. ಮಲೆನಾಡಿಗೆ ಮರ ಹೋದರೆ ಅವನತಿ. ಬಯಲುಸೀಮೆಗೆ ಕೆಲವೊಮ್ಮೆ ಮರ ಬಂದರೆ ಅವನತಿ.

ಈಗಿರುವ ನೀಲಗಿರಿಯನ್ನು ಒಂದೇ ಏಟಿಗೆ ಕಡಿದು ಹಾಕಿದರೆ ಹುಲ್ಲು ತಾನಾಗಿ ಬಂದುಬಿಡುವುದಿಲ್ಲ. ಬೊಡ್ಡೆ ಮತ್ತೆ ಚಿಗುರುತ್ತದೆ, ಬೇಡದ ಕಳೆ ನುಗ್ಗುತ್ತದೆ. ತುಂಡು ತುಂಡಾಗಿ ತೆಗೆದು, ಸ್ಥಳೀಯ ಹುಲ್ಲು ಮರಳುತ್ತಿದೆಯೇ ಎಂದು ಅಳೆದು, ಮುಂದಿನ ತುಂಡಿಗೆ ಕೈ ಹಾಕಬೇಕು. ಅದು ಹತ್ತಾರು ವರ್ಷಗಳ ಕೆಲಸ. ಅಷ್ಟು ವರ್ಷವೂ ವರದಿಯ ಅಂಕಣದಲ್ಲಿ ರಾಣೆಬೆನ್ನೂರಿನ ‘ಅರಣ್ಯ’ ಕಡಿಮೆಯಾಗುತ್ತಲೇ ಹೋಗುತ್ತದೆ. ಆ ಇಳಿಕೆಯನ್ನು ಸೋಲೆಂದು ಓದದ ಅಧಿಕಾರಿ, ಓದದ ಓದುಗ ಇದ್ದರೆ ಮಾತ್ರ ಚಿಗರಿಗೆ ಅದರ ಬಯಲು ಮರಳಿ ಸಿಕ್ಕೀತು.