ನೆಲದಡಿಯ ಮಲಗುವ ಮನೆ

ರೋಮ್ ನಗರದ ಹಳೆಯ ಕೋಟೆಬಾಗಿಲು ದಾಟಿ ದಕ್ಷಿಣಕ್ಕೆ ನಡೆದರೆ ಕಪ್ಪುಕಲ್ಲು ಹಾಸಿದ ಒಂದು ದಾರಿ ಸಿಗುತ್ತದೆ. ಅದರ ಹೆಸರು ಆಪ್ಪಿಯಾ ರಸ್ತೆ. ಕ್ರಿಸ್ತಪೂರ್ವ 312ರಲ್ಲಿ ಹಾಕಲು ಶುರುಮಾಡಿದ ದಾರಿ ಅದು. ಇಕ್ಕೆಲಗಳಲ್ಲೂ ಹಳೆಯ ಸಮಾಧಿಗಳು. ಊರೊಳಗೆ ಶವವನ್ನು ಹೂಳುವಂತಿಲ್ಲ, ಸುಡುವಂತೆಯೂ ಇಲ್ಲ ಎಂಬುದು ರೋಮನ್ನರ ಕಾನೂನಾಗಿತ್ತು. ಹಾಗಾಗಿ ಸತ್ತವರಿಗೆಲ್ಲ ಊರಾಚೆಯ ದಾರಿಬದಿಯೇ ಜಾಗ.

ಬೇಸಿಗೆ ರಜೆಯಲ್ಲಿ ಮಗಳ ಸಂಸಾರದ ಜೊತೆ ನಾನೂ ಇಟಲಿಗೆ ಹೋಗಿದ್ದೆ. ಆ ರಸ್ತೆಯ ಪಕ್ಕದಲ್ಲಿರುವ ಸಂತ ಕಲ್ಲಿಸ್ತನ ಕ್ಯಾಟಕೂಂಬ್ ನೋಡಲು ಸಾಲಿನಲ್ಲಿ ನಿಂತೆವು. ಕ್ಯಾಟಕೂಂಬ್ ಎಂದರೆ ನೆಲದಡಿ ಸುರಂಗ ಕೊರೆದು ಮಾಡಿದ ಸ್ಮಶಾನ.

"ಸ್ಮಶಾನಕ್ಕೂ ಟಿಕೆಟ್ಟಾ ತಾತ?" ಎಂದಳು ಎಂಟು ವರ್ಷದ ಮೊಮ್ಮಗಳು. ಮುಂದೆ ನಿಂತಿದ್ದವರಿಗೆ ಕನ್ನಡ ಬಾರದಿದ್ದದ್ದು ಒಳ್ಳೆಯದಾಯಿತು!

ಮೆಟ್ಟಿಲಿಳಿಯುತ್ತಿದ್ದಂತೆ ಬಿಸಿಲು ಹೋಗಿ ತಂಪು ಬಂತು. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಉಂಟಾದ ಮೆತ್ತನೆಯ ಕಲ್ಲು ಅಲ್ಲಿನದು. ನಮ್ಮ ಕರಾವಳಿಯ ಮುರಕಲ್ಲಿನ ಹಾಗೆ, ಕಡಿಯುವಾಗ ಮೃದು, ಗಾಳಿ ತಾಗಿದ ಮೇಲೆ ಗಟ್ಟಿ. ಅದನ್ನು ಅಗೆಯುವುದಕ್ಕೆಂದೇ ಕೆಲಸಗಾರರಿದ್ದರು. ಹೀಗೆ ತೋಡಿದ ಓಣಿಗಳ ಒಟ್ಟು ಉದ್ದ ಸುಮಾರು 20 ಕಿಲೋಮೀಟರ್. ಮಹಡಿಗಳ ಹಾಗೆ ಒಂದರ ಕೆಳಗೊಂದು, ನಾಲ್ಕು ಅಂತಸ್ತು. ಸುಮಾರು ಐದು ಲಕ್ಷ ಜನರನ್ನು ಇಲ್ಲಿ ಮಣ್ಣುಮಾಡಿದ್ದರೆಂದು ಅಂದಾಜು.

ಓಣಿಯ ಎರಡೂ ಗೋಡೆಗಳಲ್ಲಿ ಒಂದರ ಮೇಲೊಂದು ಉದ್ದುದ್ದ ಗೂಡುಗಳು. ಈಗ ಬಹುಪಾಲು ಖಾಲಿ. ಹಿಂದೆ ಬಟ್ಟೆಯಲ್ಲಿ ಸುತ್ತಿದ ದೇಹವನ್ನು ಒಳಗಿಟ್ಟು, ಅಮೃತಶಿಲೆಯ ಹಲಗೆಯಿಂದಲೋ ಹೆಂಚಿನಿಂದಲೋ ಮುಚ್ಚಿ ಗಾರೆ ಬಳಿಯುತ್ತಿದ್ದರು.

"ರೈಲಿನ ಬರ್ತ್ ಇದ್ದ ಹಾಗಿದೆ" ಎಂದಳು ಮೊಮ್ಮಗಳು.

ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಆ ಕಾಲದ ಕ್ರೈಸ್ತರು ಇಂಥ ಜಾಗವನ್ನು ಗ್ರೀಕ್ ಭಾಷೆಯಲ್ಲಿ 'ಕೊಯ್ಮೆತೇರಿಯೊನ್' ಎಂದು ಕರೆದರು. ಹಾಗೆಂದರೆ ಮಲಗುವ ಜಾಗ. ಇಂಗ್ಲಿಷಿನ 'ಸೆಮೆಟರಿ' ಹುಟ್ಟಿದ್ದು ಇದರಿಂದಲೇ. ಗೋರಿಯ ಕಲ್ಲುಗಳ ಮೇಲೆ ಇನ್ನೊಂದು ಲ್ಯಾಟಿನ್ ಪದವೂ ಇರುತ್ತಿತ್ತು: 'ದೆಪೊಸಿತುಸ್'. ಬ್ಯಾಂಕಿನ 'ಡೆಪಾಸಿಟ್' ಇದರ ನೆಂಟ. ಅಜ್ಜ ಅಜ್ಜಿಯರಿಗೆ ಬೇಗ ಅರ್ಥವಾಗುತ್ತದೆ: ಠೇವಣಿ! ಒಂದು ದಿನ ಹಿಂದಕ್ಕೆ ಪಡೆಯಲೆಂದು ಇಟ್ಟದ್ದು.

ಹಿಂದಕ್ಕೆ ಪಡೆಯುವುದು ಹೇಗೆ? ಅದೇ ಅವರ ನಂಬಿಕೆಯ ತಿರುಳು. ಯೇಸುವನ್ನು ಸಮಾಧಿಯಲ್ಲಿಟ್ಟ ಮೂರನೆಯ ದಿನ ಅವನು ಎದ್ದು ಬಂದನು. ಲೋಕದ ಕೊನೆಯ ದಿನ ಎಲ್ಲರೂ ಹಾಗೆಯೇ ಎದ್ದುಬರುವರು ಎಂದು ಕ್ರೈಸ್ತರು ನಂಬುತ್ತಾರೆ. ಇದೇ ಪುನರುತ್ಥಾನ. ಅವರಲ್ಲಿ ಮರುಜನ್ಮವಿಲ್ಲ, ಇರುವುದು ಒಂದೇ ಬಾಳು. ಆಮೇಲೆ ದೇವರ ತೀರ್ಪು, ಸ್ವರ್ಗ ಅಥವಾ ನರಕ. ಸ್ವರ್ಗಕ್ಕೆ ಮೊದಲು ಆತ್ಮ ಶುದ್ಧಿಯಾಗಬೇಕೆಂದು ಕಥೋಲಿಕರು ಹೇಳುತ್ತಾರೆ. ಸತ್ತವರಿಗಾಗಿ ಅವರು ಪ್ರಾರ್ಥಿಸುವುದು ಅದಕ್ಕೇ. ಹೂಳುವ ರೂಢಿ ಬೆಳೆದದ್ದು ಈ ನಂಬಿಕೆಯಿಂದ. 1963ರಲ್ಲಿ ಕಥೋಲಿಕ ಧರ್ಮಸಭೆ ದಹನಕ್ಕೂ ಒಪ್ಪಿಗೆ ಕೊಟ್ಟಿತು. ಬೂದಿಯಾದವರನ್ನು ಎಬ್ಬಿಸುವುದು ದೇವರಿಗೇನೂ ಕಷ್ಟವಲ್ಲವಲ್ಲ!

ಗೋಡೆಗಳ ಮೇಲಿನ ಚಿತ್ರಗಳೂ ಇದನ್ನೇ ಹೇಳುತ್ತವೆ. ಕುರಿಮರಿಯನ್ನು ಹೆಗಲ ಮೇಲೆ ಹೊತ್ತ ಕುರುಬ, ಹಡಗಿನ ಲಂಗರು, ದೊಡ್ಡ ಮೀನಿನ ಹೊಟ್ಟೆಯಲ್ಲಿ ಮೂರು ದಿನವಿದ್ದು ಹೊರಬಂದ ಯೋನ. ಸಾವಿನ ಮನೆಯಲ್ಲಿ ಅಳುಮುಖದ ಚಿತ್ರ ನಮಗೆ ಒಂದೂ ಕಾಣಲಿಲ್ಲ.

ಕಾಲಾಂತರದಲ್ಲಿ ಜನ ಈ ಜಾಗವನ್ನು ಮರೆತೇಬಿಟ್ಟರು. 1849ರಲ್ಲಿ ದೆ ರೊಸ್ಸಿ ಎಂಬ ವಿದ್ವಾಂಸನಿಗೆ ಮೇಲಿನ ದ್ರಾಕ್ಷಿತೋಟದಲ್ಲಿ ಅರ್ಧ ಹೆಸರಿದ್ದ ಒಂದು ಕಲ್ಲು ಸಿಕ್ಕಿತು. ಅದು ಪೋಪ್ ಕೊರ್ನೇಲಿಯುಸರದೇ ಎಂದು ಊಹಿಸಿ ಅಗೆಸುತ್ತಾ ಹೋದಾಗ, 1854ರಲ್ಲಿ ಒಂಬತ್ತು ಪೋಪರನ್ನು ಮಲಗಿಸಿದ್ದ ಕೋಣೆಯೇ ಕಂಡಿತು.

ಆದರೆ ಮೊಮ್ಮಗಳು ನಿಂತದ್ದು ಪೋಪರ ಕೋಣೆಯಲ್ಲಲ್ಲ, ಒಂದು ಪುಟ್ಟ ಗೂಡಿನ ಮುಂದೆ. ಅವಳ ಮೊಳದಲ್ಲಿ ಎರಡು ಮೊಳ ಇದ್ದೀತು. "ಇದು ಯಾರದು?" "ಮಗುವಿನದು." ಅಂಥವು ಅಲ್ಲಿ ಬೇಕಾದಷ್ಟಿವೆ. ಹಸಿ ಗಾರೆಗೆ ನಾಣ್ಯ, ಗಾಜಿನ ಚೂರು, ಗೊಂಬೆ ಒತ್ತಿಡುತ್ತಿದ್ದರಂತೆ, ತಮ್ಮವರ ಗೂಡು ಗುರುತು ಸಿಗಲೆಂದು.

ಅವಳ ಅಜ್ಜಿಯ ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಬಿಟ್ಟು ಆಗ ಎಂಟು ತಿಂಗಳಾಗಿತ್ತು.

"ನಾವು ಅಜ್ಜೀನ ಮಲಗಿಸಲಿಲ್ಲ ಅಲ್ವಾ? ಅವರು ಮತ್ತೆ ಸಿಗ್ತಾರಾ ತಾತ?"

"ಇವರು ಮಣ್ಣಿಗೆ ಒಪ್ಪಿಸಿದರು, ನಾವು ಹೊಳೆಗೆ ಒಪ್ಪಿಸಿದೆವು ಪುಟ್ಟಿ. ಸಿಗ್ತಾರೆ ಅಂತ ಇವರು ನಂಬ್ತಾರೆ. ಆತ್ಮಕ್ಕೆ ಸಾವಿಲ್ಲ ಅಂತ ನಮ್ಮ ಹಿರಿಯರು ಹೇಳ್ತಾರೆ. ನನಗಂತೂ ಸಿಗಲಿ ಅಂತಲೇ ಆಸೆ."

ಅವಳು ನನ್ನ ಕೈ ಹಿಡಿದುಕೊಂಡಳು. ಮುಂದಿನ ಓಣಿಯಲ್ಲಿ ಅದನ್ನು ಬಿಡಲೇ ಇಲ್ಲ.

ಮಕ್ಕಳೇ, ಇದನ್ನೆಲ್ಲ ನೋಡಲು ರೋಮಿಗೇ ಹೋಗಬೇಕಿಲ್ಲ. ನವೆಂಬರ್ 2 ಕಥೋಲಿಕರಿಗೆ ಸತ್ತವರನ್ನು ನೆನೆಯುವ ದಿನ. ಅಂದು ಮಂಗಳೂರಿನ ಇಗರ್ಜಿಗಳ ಸ್ಮಶಾನಗಳಲ್ಲಿ ಮನೆಮಂದಿಯೆಲ್ಲ ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಪಾದ್ರಿಗಳು ಪ್ರಾರ್ಥಿಸಿ ತೀರ್ಥ ಚಿಮುಕಿಸುತ್ತಾರೆ. ನಿಮ್ಮ ಗೆಳೆಯರ ಮನೆಯವರು ಕರೆದರೆ ಜೊತೆಗೆ ಹೋಗಿ, ಸದ್ದು ಮಾಡದೆ ನಿಂತು ನೋಡಿ. ಮಲಗಿರುವವರ ಬಳಿ ಹೇಗಿರಬೇಕೆಂದು ನಿಮಗೆ ಗೊತ್ತೇ ಇದೆ.